ಬದಲಿ ಗಂಟಲು

ಅಂದು ಮಂಜು ಬಿದ್ದಿತ್ತು ಎಂದು ಬರೆದು ಹೊಡೆದುಹಾಕಿದೆ. ಕಾಫಿ ಕೊಯ್ಲಿನ ದಿನಗಳು, ನಡುಮಧ್ಯಾಹ್ನ. ಮಂಜನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು. ಐಸ್ ಡಬ್ಬಿಯ ಪಟ್ಟಿ ಹೆಗಲು ಕೊಯ್ಯುತ್ತಿದ್ದದ್ದು ಮಾತ್ರ ಖಂಡಿತ.

ನಾನು ಸಕಲೇಶಪುರದ ಕಡೆ ಲ್ಯಾಬ್ ಟೆಕ್ನಿಶಿಯನ್. ಕೊರೊನಾದ ಮೂರನೇ ಅಲೆ ಎದ್ದಿತ್ತು. ವೈರಸ್ಸಿನ ಯಾವ ತಳಿ ದೇಶದ ಯಾವ ಮೂಲೆ ಮುಟ್ಟಿದೆ ಎಂದು ತಿಳಿಯಲು, ಪಾಸಿಟಿವ್ ಬಂದವರ ಗಂಟಲ ದ್ರವ ಬೆಂಗಳೂರಿಗೆ ಹೋಗಬೇಕಿತ್ತು. ಹೆತ್ತೂರು ಕಡೆಯ ಎಸ್ಟೇಟೊಂದರ ಲೈನಿನಲ್ಲಿ, ಕೂಲಿಯವರ ಆ ಸಾಲುಮನೆಗಳಲ್ಲಿ, ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಹರಡುತ್ತಿತ್ತು. ಜ್ವರದಲ್ಲಿ ಮೊದಲು ಮಲಗಿದವಳು ಒಬ್ಬ ಹೆಂಗಸು; ಬೇರೆಯವರದು ಹೋಗಿದ್ದರೂ ಅವಳ ಮಾದರಿ ಇನ್ನೂ ಬಾಕಿ ಇತ್ತು. ದಿನ ಕಳೆದಂತೆ ಅವಳೊಳಗಿನ ವೈರಸ್ ಇಳಿದು ತಳಿ ಗುರುತಿಸಲು ಆಗುವುದಿಲ್ಲ. ಮಾದರಿಗಳನ್ನು ಹಾಸನಕ್ಕೆ ಒಯ್ಯುವ ವಾಹನಕ್ಕೆ ಅದು ಅಂದೇ ಸೇರಲೇಬೇಕಿತ್ತು.

ಹಾಜರಿ ಬರೆಯುವ ರೈಟರ್ ಅವಳ ಹೆಸರು ಕೂಗಿದರು. ಒಬ್ಬಳು ಬಂದು ಬಾಯಿ ತೆರೆದಳು. ಕಡ್ಡಿ ಆಡಿಸಿ ಟ್ಯೂಬಿಗೆ ಹಾಕಿದೆ.

"ಜ್ವರ ಬಿಡ್ತಾ?"

"ನಂಗೆಲ್ಲೈತೆ ಜ್ವರ? ನಮ್ಮಕ್ಕಂಗೆ ಬಂದಿರೋದು. ಒಳಗೆ ಮಲಗವ್ಳೆ. ನಾನು ಬದ್ಲಿ ಬಂದೆ."

ಮೋಸವಲ್ಲ. ಅಲ್ಲಿ ಒಬ್ಬರಿಗೆ ಆಗದಿದ್ದರೆ ಮನೆಯ ಇನ್ನೊಬ್ಬರು ಕೊಯ್ಲಿಗೆ ಹೋಗುತ್ತಾರೆ. ಹಾಜರಿ ಬೀಳುವುದು ಮೊದಲಿನವರ ಹೆಸರಿಗೆ. ರೈಟರ್ ನನಗೇ ಸಮಾಧಾನ ಹೇಳಿದರು: "ಒಂದೇ ಮನೆ ಗಂಟ್ಲು ಕಣ್ರೀ ಮೇಡಂ, ಏನ್ ವ್ಯತ್ಯಾಸ?"

ಆ ಟ್ಯೂಬನ್ನು ಬೇರೆ ತೆಗೆದಿಟ್ಟು ಒಳಗೆ ಹೋದೆ. ಅಕ್ಕ ಕಂಬಳಿಯನ್ನು ಮೂಗಿನವರೆಗೂ ಎಳೆದುಕೊಂಡಳು.

"ನನ್ ಹೆಸ್ರು ಬೆಂಗ್ಳೂರಿಗೆ ಹೋದ್ರೆ ಲೈನಿಗೆ ಬೀಗ ಜಡೀತಾರಂತೆ. ಆಮೇಲೆ ಕೊಯ್ಲು ನೀವು ಬಂದು ಮುಗಿಸ್ತೀರಾ?"

"ಹೆಸರು ಹೋಗಲ್ಲಮ್ಮ, ನಂಬರ್, ವಯಸ್ಸು, ಲಸಿಕೆ ವಿವರ ಹೋಗುತ್ತೆ. ಯಾವ ತಳಿ ಅಂತ ನೋಡ್ತಾರೆ, ಅಷ್ಟೇ."

"ತೋರ್ಸಿ."

ನಂಬರ್ ಅಂಟಿಸಿದ ಹೊಸ ಟ್ಯೂಬ್ ಹಿಡಿದೆ. ಓದು ಬಾರದವಳು ಅಂದುಕೊಂಡಿದ್ದೆ. ಅವಳು ಒಂದೊಂದೇ ಅಂಕಿ ಓದಿ ಮುಗಿಸಿ ಬಾಯಿ ತೆರೆದಳು.

ಅಷ್ಟರಲ್ಲಿ ಸಕಲೇಶಪುರದಿಂದ ವಾಹನ ಹೊರಟಿತ್ತು. ಹಾಸನ ರಸ್ತೆಯ ಪಾಳ್ಯದಲ್ಲಿ ಕಾಯುವಂತೆ ಡ್ರೈವರನ್ನು ಫೋನಿನಲ್ಲಿ ಬೇಡಿಕೊಂಡು, ಎಸ್ಟೇಟಿನ ಜೀಪು ಹತ್ತಿ ಬೆನ್ನುಹತ್ತಿದೆ.

"ಒಂದ್ ಕಡ್ಡಿಗೆ ಇಷ್ಟ್ ಓಟನಾ ಮಾರಾಯ್ರೆ!" ಎಂದು ನಗುತ್ತ, ಪಾಳ್ಯದಲ್ಲಿ ಕಾದಿದ್ದ ಡ್ರೈವರ್ ಡಬ್ಬಿ ತೆಗೆದುಕೊಂಡ.

ಇಲ್ಲಿಗೆ ನಿಲ್ಲಿಸಿದರೆ ನೆನಪು ಚೆಂದ ಕಾಣುತ್ತದೆ. ಆದರೆ ವಾಪಸು ಬರುವಾಗ ಲೆಕ್ಕ ಹಾಕತೊಡಗಿದೆ. ಆ ವಾರ ಅದೇ ಲೈನಿನಿಂದ ಕಳಿಸಿದ್ದ ಉಳಿದ ಮಾದರಿಗಳಲ್ಲಿ ಬದಲಿ ಎಷ್ಟು? ಬದಲಿ ಬಂದವರಿಗೂ ಸೋಂಕಿದ್ದರೆ, ಒಬ್ಬರ ವಯಸ್ಸಿಗೆ, ಒಬ್ಬರ ಲಸಿಕೆಗೆ ಇನ್ನೊಬ್ಬರ ವೈರಸ್ ಅಂಟಿಕೊಂಡು ದೇಶದ ಪಟ್ಟಿ ಸೇರಿಬಿಡುತ್ತದೆ.

ಮರುದಿನ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರಿಗೆ ಹೇಳಿದೆ.

"ಬೈಸಿಕೊಳ್ಳೋದು ನೀವೇ," ಎಂದರು.

"ಆಗಲಿ ಸಾರ್."

ಆ ಲೈನಿನ ಉಳಿದ ಮಾದರಿಗಳನ್ನೆಲ್ಲ ತೆಗೆದುಹಾಕಿ ಎಂದು ಬೆಂಗಳೂರಿಗೆ ಬರೆದೆ. ಬೈದರು. ಹೊಸದಾಗಿ ಮಾದರಿ ತೆಗೆಯಲು ಮತ್ತೆ ಆ ಲೈನಿಗೆ ಹೋದೆ. ಇವತ್ತು ಹೆಸರು ಕೂಗಬೇಡಿ ಎಂದು ರೈಟರ್‌ಗೆ ಹೇಳಿ, ಮೊದಲ ಮನೆಯ ಬಾಗಿಲು ತಟ್ಟಿ, ಜ್ವರ ಯಾರಿಗೆ ಎಂದು ಕೇಳಿದೆ.