ಎಲ್ಲರಿಗೂ ತೆರೆದಿಟ್ಟ ಡಾಕ್ಟರ ಚೀಟಿ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅದು ಅಮ್ಮ ಕೊಟ್ಟ ಬಳುವಳಿ. ಹೈಸ್ಕೂಲಿನಿಂದ ನನಗೆ ಆಗೀಗ ಮೂರ್ಛೆ ಬರುತ್ತಿತ್ತು. “ಮಾತ್ರೆ ನುಂಗು, ವಿಷ್ಯ ಹೊರಗೆ ಬಿಡ್ಬೇಡ ಕಣೇ,” ಎನ್ನುತ್ತಿದ್ದಳು. ಅಕ್ಕನನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬರುವುದಿತ್ತು. ಮನೆಯಲ್ಲಿ ಇಂಥ ಕಾಯಿಲೆಯಿದೆ ಎಂದು ಗೊತ್ತಾದರೆ ಸಂಬಂಧ ತಪ್ಪಿಹೋಗುತ್ತದೆ ಎಂಬ ಹೆದರಿಕೆ.

ಆಗ ನಾನು ಮುಳಬಾಗಿಲಿನಿಂದ ಕೋಲಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪಾಠ, ನೋಟ್ಸು ಎಲ್ಲ ಇಂಟರ್ನೆಟ್ಟಿನ ಕ್ಲೌಡಿಗೆ ಹೋಗಿದ್ದವು. ಕಾಯಿಲೆ ಇದ್ದವರು ಡಾಕ್ಟರ ಚೀಟಿಯನ್ನು ಅಲ್ಲೇ ಹಾಕಿದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ ಎಂದರು ಮೇಷ್ಟ್ರು. ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಸಾಬರ ಹತ್ತಿರ ಹಾಕಿಸಿದೆ. ನಮ್ಮೂರಿನ ಅರ್ಧ ಮಕ್ಕಳ ಪಾಸ್‌ವರ್ಡು ಅವರ ನೋಟ್ ಪುಸ್ತಕದಲ್ಲಿತ್ತು. ಮರೆತವರು ಅವರನ್ನೇ ಕೇಳುವುದು ರೂಢಿ.

ವಾರವಾಗಿರಲಿಲ್ಲ, ಶ್ರೀನಿವಾಸಪುರದಿಂದ ಬರುತ್ತಿದ್ದ ಗೆಳತಿ ತರಗತಿಯಲ್ಲಿ ಮೆಲ್ಲಗೆ, “ಮಾತ್ರೆ ತಗೊಂಡ್ಯೇನೇ?” ಎಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಇದು ಸಾಬರದೇ ಕೆಲಸ ಎಂದುಕೊಂಡು ಸಂಜೆ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಾರೇನೋ ಎಂದು ಕಾದೆ. ಅವರು ಪುಸ್ತಕ ಮುಂದಿಟ್ಟರು.

“ಡಾಕ್ಟ್ರ ಚೀಟಿ ಅಂತ ಗೊತ್ತಾಯ್ತು ಬೇಟಾ. ಅದಕ್ಕೇ ನಿಂದು ಬರ್ಕೊಳ್ಳೇ ಇಲ್ಲ.”

ನಾಚಿಕೆಯಾಯಿತು. ಆದರೂ ಪುಟ ಹರಿದಿದ್ದಾರೇನೋ ಎಂದು ತಿರುವಿ ನೋಡಿದೆ. ಅವರೇ ನನ್ನ ಕೈಲಿ ಪಾಸ್‌ವರ್ಡು ಹಾಕಿಸಿ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು: ನನ್ನ ಚೀಟಿ ಇಡೀ ತರಗತಿ ನೋಡುವ ನೋಟ್ಸಿನ ಜೊತೆಗೇ ಇತ್ತು.

ಮರುದಿನ ಮೇಷ್ಟ್ರನ್ನು ಕೇಳಿದೆ. “ಎಲ್ರಿಗೂ ಗೊತ್ತಿದ್ರೆ ಸಹಾಯ ಮಾಡ್ತಾರಲ್ಲಮ್ಮ ಅಂತ ಅಲ್ಲೇ ಬಿಟ್ಟಿದ್ದೆ,” ಎಂದು ಅಳಿಸಿದರು.

ಗೆಳತಿಯ ಫೋನಿನಲ್ಲಿ ಮಾತ್ರ ಅದರ ಫೋಟೊ ಉಳಿದಿತ್ತು. “ನೀನೆಲ್ಲಾದ್ರೂ ಬಿದ್ರೆ ಆಸ್ಪತ್ರೇಲಿ ತೋರ್ಸೋಕೆ ಇಟ್ಕೊಂಡೆ ಕಣೇ.” ನನಗೆ ಕಣ್ಣು ತುಂಬಿತು. ಆದರೂ ಅಳಿಸು ಎಂದೆ, ಅಳಿಸುವವರೆಗೂ ಫೋನಿನಿಂದ ಕಣ್ಣು ಕೀಳಲಿಲ್ಲ.

“ಮನೇಲಿ ಹೇಳಿದ್ಯಾ?”

“ಅಮ್ಮಂಗೆ ಹೇಳ್ದೆ. ಪಾಪ, ನಿನ್ನ ಹೆಸರಲ್ಲಿ ಹರಕೆ ಹೊತ್ತಿದ್ದಾಳೆ. ಬೀದಿಯವರ ಕೈಲೂ ಬೇಡ್ಕೊಳ್ಳೋಕೆ ಹೇಳಿದ್ದಾಳೆ.”

ಆ ತಾಯಿಯ ಮೇಲೆ ಹೇಗೆ ಸಿಟ್ಟು ಮಾಡಲಿ? ಶ್ರೀನಿವಾಸಪುರದ ಗಂಡಿನ ಕಡೆಯವರು ಬರಬೇಕಿದ್ದ ಭಾನುವಾರ ಬರಲಿಲ್ಲ, ಯಾಕೆಂದೂ ಹೇಳಲಿಲ್ಲ. ತಾನು ಕಪ್ಪಗಿರುವುದೇ ಕಾರಣವೆಂದು ಅಕ್ಕ ಇವತ್ತಿಗೂ ನಂಬಿದ್ದಾಳೆ.