ತಾಳು ಎಂಬ ಹೆಸರಿನವಳು

ಮಗು ಎಲ್ಲರನ್ನೂ ಸರಿಯಾಗಿಯೇ ಕರೆಯುತ್ತಿತ್ತು. ಅಪ್ಪನಿಗೆ ಅಪ್ಪ, ಅಜ್ಜಿಗೆ ಜಜ್ಜಿ, ಎದುರುಮನೆಯ ಬೆಕ್ಕಿಗೆ ಮಿಯಾ. ಅಮ್ಮ ಬೇಕಾದಾಗ ಮಾತ್ರ ಎರಡೂ ಕೈ ಮೇಲೆತ್ತಿ, ಗಂಟಲು ಹರಿದುಹೋಗುವಂತೆ "ತಾಳೂ!" ಎಂದು ಕೂಗುತ್ತಿತ್ತು.

ಮೊದಮೊದಲು ಮನೆಯವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಆಫೀಸಿನವರು ಇಟ್ಟ ಅಡ್ಡಹೆಸರು ಇವಳ ಕಿವಿಗೆ ಹೇಗೆ ಬಿತ್ತೇ?" ಎಂದ ಗಂಡ. ಪೇಟೆಬೀದಿಯಲ್ಲಿ ಅವನಿಗೊಂದು ಕನ್ನಡಕದ ಅಂಗಡಿ. ದಿನವಿಡೀ ಜನರ ಕಣ್ಣು ನೋಡಿ ನೋಡಿ ಯಾರನ್ನಾದರೂ ಛೇಡಿಸುವಾಗಲೂ ಕಣ್ಣಲ್ಲಿ ಕಣ್ಣಿಟ್ಟೇ ಛೇಡಿಸುತ್ತಿದ್ದ. "ಅಲ್ಲಿ ತಾಳೆ ಮೇಡಂ, ಇಲ್ಲಿ ತಾಳಮ್ಮ. ನಿನ್ನ ನಿಜವಾದ ಹೆಸರು ನನಗೂ ಮರೆತುಹೋಗ್ತಿದೆ ನೋಡು."

ಅವಳೂ ನಕ್ಕಳು. ನಕ್ಕು, ಪಾತ್ರೆ ತೊಳೆಯಲು ತಿರುಗಿದ ಮೇಲೆ ಎದೆಯಲ್ಲೇನೋ ಚುರ್ರೆಂದಿತು. ಆ ಮಾತು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ, ಒಂದು ಅಂಗೈಯನ್ನಷ್ಟೇ ಮಗುವಿನ ಕಡೆ ಚಾಚಿ ಅವಳು ಹೇಳುತ್ತಿದ್ದದ್ದು ಅದೇ. "ತಾಳು ಪುಟ್ಟಾ, ತಾಳು." ಅಮ್ಮನ ಬಾಯಿಂದ ಹೆಚ್ಚು ಸಲ ಕೇಳಿದ ಮಾತು ಅದಾದ್ದರಿಂದ ಅದೇ ಅಮ್ಮನ ಹೆಸರೆಂದು ಮಗು ತಿಳಿದುಕೊಂಡಿತ್ತು. ಅದರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಆಫೀಸಿನ ಅಡ್ಡಹೆಸರು ಬಂದದ್ದು ಬೇರೆ ದಾರಿಯಿಂದ. ದೊಡ್ಡ ಬ್ಯಾಂಕೊಂದರಲ್ಲಿ ತಾಳೆ ನೋಡುವ ವಿಭಾಗ ಅವಳದು. ಮೇಲಿನ ಮಹಡಿಯವರು ದಿನವಿಡೀ ಬಾಂಡು, ಷೇರು ಕೊಳ್ಳುತ್ತಾರೆ, ಮಾರುತ್ತಾರೆ. ಆ ವ್ಯವಹಾರವನ್ನು ತಮ್ಮವರು ಬರೆದುಕೊಂಡದ್ದೂ ಎದುರಿನ ಬ್ಯಾಂಕಿನವರು ಬರೆದುಕೊಂಡದ್ದೂ ಒಂದಕ್ಕೊಂದು ಕೂಡುತ್ತದೆಯೇ ಎಂದು ಕೆಳಗಿನ ಮಹಡಿಯವರು ನೋಡಬೇಕು. ಜೋಡಿ ಸಿಗದ ಸಾಲು ಪರದೆಯ ಮೇಲೆ ಕೆಂಪಾಗಿ ನಿಲ್ಲುತ್ತದೆ. ಅದಕ್ಕೆ ಅಲ್ಲಿಯವರ ಬಾಯಲ್ಲಿ 'ಒಂಟಿ' ಎಂದು ಹೆಸರು. ಎಷ್ಟು ತಡಕಾಡಿದರೂ ಜೋಡಿ ಸಿಗದಿದ್ದರೆ, ಸದ್ಯಕ್ಕಿರಲಿ ಅಂತ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಹೀಗಾಗಿ ಆ ವಿಭಾಗದಲ್ಲಿ ಮುಂದಕ್ಕೆ ತಳ್ಳಿದ್ದೆಲ್ಲ ಸಸ್ಪೆನ್ಸೇ. ಕೀಳಿಸಬೇಕಾದ ಹಲ್ಲು ಸಸ್ಪೆನ್ಸ್, ಬಿಡಬೇಕಾದ ಸಿಗರೇಟು ಸಸ್ಪೆನ್ಸ್.

ಅವಳಿಗೆ ಒಂಟಿಗಳನ್ನು ಸಸ್ಪೆನ್ಸ್‌ಗೆ ಹಾಕುವುದೆಂದರೆ ಆಗದು. ಹಾಗೆ ಹಾಕಿ ಹೊರಟ ದಿನ ಬಸ್ಸಿನಲ್ಲೂ ಅದೇ ಸಾಲು ಕಣ್ಣೆದುರು. ಬಾಗಿಲಿನ ಚಿಲಕ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವ ಜಾತಿ ಅವಳದು. ತಾಳೆ ಮೇಡಂ ಎಂಬ ಹೆಸರು ಬಿದ್ದದ್ದು ಅದಕ್ಕೇ.

ಒಂದು ದಿನ ಅಂಥದೇ ಒಂದು ಕೆಂಪು ಸಾಲು ಹಿಡಿದುಕೊಂಡು ಮೇಲಿನ ಮಹಡಿಗೆ ಹೋಗಿದ್ದಳು. ಸಾಲಿನ ಜೋಡಿಯೇನೋ ಸಿಕ್ಕಿತು. ಬಾಯಿ ಸುಮ್ಮನಿರದೆ, "ಇದನ್ನ ಈಗ ಯಾಕೆ ಮಾರಿದ್ರಿ?" ಎಂದು ಕೇಳಿಬಿಟ್ಟಳು. ಅಲ್ಲಿದ್ದವನು ಅವಳಿಗಿಂತ ಚಿಕ್ಕವನು. ಒರಟಾಗಿಯೇನೂ ಹೇಳಲಿಲ್ಲ.

"ಅದೆಲ್ಲಾ ನಿಮಗ್ಯಾಕೆ ಮೇಡಂ? ತಾಳೆ ಆಯ್ತಲ್ಲ, ಅಷ್ಟು ಸಾಕು."

ಮೆಟ್ಟಿಲಿಳಿಯುವಾಗ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವನು ವಿವರಿಸಿದ್ದರೂ ತನಗೆ ಅರ್ಥವಾಗುತ್ತಿರಲಿಲ್ಲ ಎಂಬುದೇ ನಿಜ. ಆದ ವ್ಯವಹಾರ ಸರಿಯೋ ತಪ್ಪೋ ಅವಳು ಹೇಳಬಲ್ಲಳು. ಆಗಬೇಕಿತ್ತೋ ಬೇಡವೋ ಹೇಳಲಾರಳು. ಆ ವಾರವೇ ಫೈನಾನ್ಸಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದಳು. ಸಿಗುವುದಿಲ್ಲ ಎಂದುಕೊಂಡೇ ಹಾಕಿದ್ದರಿಂದ ಯಾರಿಗೂ ಹೇಳಿರಲಿಲ್ಲ.

ಸಿಕ್ಕಿತು.

ಕಾಲೇಜು ಇದ್ದದ್ದು ಬೇರೆ ಊರಿನಲ್ಲಿ. ಹೋದರೆ ವಾರವಿಡೀ ಅಲ್ಲೇ ಇದ್ದು ಶನಿವಾರ ರೈಲು ಹತ್ತಿ ಬರಬೇಕು. ಬರುತ್ತೀರೋ ಇಲ್ಲವೋ ಶುಕ್ರವಾರದೊಳಗೆ ತಿಳಿಸಿ ಎಂದಿದ್ದರು. ಶುಲ್ಕಕ್ಕೆ ಹೇಗೋ ದಾರಿಯಾಗುತ್ತಿತ್ತು. ದಾರಿ ಕಾಣದೆ ಇದ್ದದ್ದು ಮಗುವಿನ ವಿಷಯದಲ್ಲಿ.

ಊಟದ ಬಿಡುವಿನಲ್ಲಿ ವಿಭಾಗದ ಹಿರಿಯ ಮೇಡಂ ಹತ್ತಿರ ಮೆಲ್ಲಗೆ ಬಾಯಿಬಿಟ್ಟಳು.

"ಹೋಗು," ಎಂದರು ಅವರು, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ. "ಇದು ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷ ಆದವರಿಗೆ ಅಂತಲೇ ಮಾಡಿರೋ ಕೋರ್ಸು ಕಣಮ್ಮ. ಇನ್ನೂ ತಡ ಮಾಡಿದ್ರೆ ನಿಮಗೆ ಅನುಭವ ಜಾಸ್ತಿಯಾಯ್ತು, ದೊಡ್ಡ ಕೋರ್ಸಿಗೆ ಹೋಗಿ ಅಂತಾರೆ. ಅದಕ್ಕೆ ಕೆಲಸ ಬಿಟ್ಟು ಎರಡು ವರ್ಷ ಕೂರೋ ಧೈರ್ಯ ಯಾರಿಗಿರುತ್ತೆ? ನಾನೂ ಹೋಗ್ಬೇಕು ಹೋಗ್ಬೇಕು ಅಂತ ಸಸ್ಪೆನ್ಸ್‌ಗೆ ಹಾಕಿದ್ದೆ. ಈಗ ನನ್ನ ಮಗ ಓದೋಕೆ ಹೋಗಿದಾನೆ, ನಾನಿನ್ನೂ ಇಲ್ಲೇ ಒಂಟಿ ಹುಡುಕ್ತಿದೀನಿ."

"ಮಗು ಮೇಡಂ?"

"ಮಗು ಬೆಳೆಯುತ್ತೆ ಬಿಡು."

"ನನಗೆ ಅದೇ ಭಯ. ನಾನಿಲ್ಲದಾಗ ಬೆಳೆದುಬಿಡುತ್ತೆ."

ಹಿರಿಯ ಮೇಡಂ ಡಬ್ಬಿಯಲ್ಲಿದ್ದದ್ದರಲ್ಲಿ ಅರ್ಧವನ್ನು ಇವಳ ತಟ್ಟೆಗೆ ಹಾಕಿದರು.

ಮನೆಯಲ್ಲಿ ಹೇಳಿದಾಗ ಗಂಡ ಮೊದಲು ಕನ್ನಡಕ ತೆಗೆದು ಒರೆಸಿಕೊಂಡ. ಮಾತು ಸಿಗದಾಗ ಅವನ ಕೈ ಹೋಗುವುದೇ ಅಲ್ಲಿಗೆ.

"ಈ ಊರಲ್ಲೇ ಸಂಜೆ ಕೋರ್ಸ್ ಇದೆಯಲ್ಲೇ? ಮೂರು ವರ್ಷ ಆಗುತ್ತೆ, ಆಗಲಿ. ಕೆಲಸವೂ ಇರುತ್ತೆ, ಮನೇಲೂ ಇರ್ತೀಯ. ನಿನಗೆ ದೂರದ್ದು ಚೆನ್ನಾಗಿ ಕಾಣುತ್ತೆ, ಕಾಲ ಹತ್ತಿರ ಇರೋದು ಕಾಣಲ್ಲ."

ಕಾಲ ಹತ್ತಿರ ಮಗಳು ಕೂತು ಅವಳ ಚಪ್ಪಲಿಯ ಪಟ್ಟಿ ಚೀಪುತ್ತಿದ್ದಳು. ಅವಳು ಬಗ್ಗಿ ಚಪ್ಪಲಿ ಕಿತ್ತುಕೊಂಡಳು. ತಪ್ಪಿ "ತಾಳು" ಎಂದಳು. ಮಗಳು ಕರೆಗೆ ಓಗೊಟ್ಟವಳ ಹಾಗೆ ಮುಖವೆತ್ತಿ, "ತಾಳು" ಎಂದು ಬಾಯ್ತುಂಬ ನಕ್ಕಳು.

ಗಂಡ ಹೇಳಿದ್ದು ಸರಿಯೆಂದೇ ಅವಳಿಗೂ ಅನ್ನಿಸಿತು. ಹೋದರೆ ಏನೇನಾಗಬಹುದೆಂದು ಮನಸ್ಸು ಒಂದರ ಹಿಂದೊಂದು ಪೋಣಿಸತೊಡಗಿತು. ಮಗು ಬಲಗಿವಿ ಉಜ್ಜಿದರೆ ನೋವು, ಎಡಗಿವಿ ಉಜ್ಜಿದರೆ ನಿದ್ದೆ. ಇದು ಅವಳೊಬ್ಬಳಿಗೆ ಗೊತ್ತು. ಅಡುಗೆಮನೆ ಕಿಟಕಿಯ ಕೊಂಡಿ ಎರಡು ಸಲ ಒತ್ತಿದರೆ ಮಾತ್ರ ಕೂರುತ್ತದೆ. ಮಗುವಿನ ಉಗುರು ಕತ್ತರಿಸಲಾಗುವುದು ನಿದ್ದೆಯಲ್ಲಿದ್ದಾಗಲೇ, ಅದೂ ಕಿರುಬೆರಳಿಂದ ಶುರುಮಾಡಿದರೆ. ಇವನ್ನೆಲ್ಲ ಇನ್ನೊಬ್ಬರಿಗೆ ಹೇಳಿಕೊಟ್ಟು ಹೋಗುವುದುಂಟೇ? ಗುರುವಾರ ಬೆಳಿಗ್ಗೆ ಮನಸ್ಸು ಗಟ್ಟಿಮಾಡಿದಳು. ಸಂಜೆ ಕೋರ್ಸೇ ಸರಿ. ಗಂಡನಿಗೆ ಹೇಳಿದಳು. ಅವನು ಅಂದು ಬೆಳಗಿನ ಪಾತ್ರೆಯನ್ನೆಲ್ಲ ತಾನೇ ತೊಳೆದ.

ಅದೇ ಸಂಜೆ ಮಗುವನ್ನು ಕರೆತರಲು ಡೇಕೇರಿಗೆ ಹೋದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಂಟಿ ಗೇಟಿನ ಹತ್ತಿರವೇ ಅವಳನ್ನು ನಿಲ್ಲಿಸಿದರು.

"ಮೇಡಂ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ತಾಳು ಅಂದ್ರೆ ಏನು?"

"ಯಾಕೆ?"

"ಇಲ್ಲಿ ಮಕ್ಕಳು ಜಾಸ್ತಿ, ನಂಗಿರೋದು ಎರಡೇ ಕೈ. ಒಬ್ಬರಿಗೆ ಉಣ್ಣಿಸ್ತಿದ್ರೆ ಇನ್ನೊಬ್ಬರು ಎಳೀತಾರೆ. ತಾಳೋ, ತಾಳೇ ಅಂತಾನೇ ಇರ್ತೀನಿ. ನಾನು ಯಾರಿಗೆ ಹಾಗಂದ್ರೂ ಸರಿ, ನಿಮ್ಮ ಹುಡುಗಿ ಕೈಯಲ್ಲಿದ್ದ ಆಟದ ಸಾಮಾನು ಬಿಸಾಕಿ ಬಾಗಿಲಿಗೆ ಓಡ್ತಾಳೆ. ಬಾಗಿಲಲ್ಲಿ ನಿಂತು ಹೊರಗೆ ನೋಡ್ತಾಳೆ. ಆಮೇಲೆ ತಿರುಗಿ ಬರ್ತಾಳೆ. ಮತ್ತೆ ನಾನು ಅಂದ್ರೆ, ಮತ್ತೆ ಓಟ. ಅಳೋದೂ ಇಲ್ಲ ಮೇಡಂ. ಅತ್ತಿದ್ರೆ ನಾನು ಇಷ್ಟು ಹೇಳ್ತಿರಲಿಲ್ಲ."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. ಒಳಗೆ ಆಗತಾನೆ ಮಗನನ್ನು ಕರೆದೊಯ್ಯಲು ಬಂದ ಇನ್ನೊಬ್ಬ ತಾಯಿ "ತಾಳಪ್ಪಾ" ಎಂದದ್ದು ಕೇಳಿಸಿತು. ಹಿಂದೆಯೇ ಪುಟ್ಟ ಪಾದಗಳ ಪಟಪಟ ಸದ್ದು. ಮಗಳು ಬಾಗಿಲಿಗೆ ಬಂದಳು, ಹೊರಗೆ ನೋಡಿದಳು. ಈ ಸಲ ಅಮ್ಮ ನಿಜವಾಗಿಯೂ ಅಲ್ಲಿದ್ದಳು. ಮಗಳಿಗೆ ಕ್ಷಣಹೊತ್ತು ನಂಬಿಕೆಯೇ ಬರಲಿಲ್ಲವೋ ಏನೋ, ಓಡಿ ಬರುವುದನ್ನು ಮರೆತು ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು.

ಮನೆಯವರೆಗೂ ಅವಳು ಮಗುವನ್ನು ಕೆಳಗಿಳಿಸಲಿಲ್ಲ. ತೋಳು ಸೋತುಹೋಯಿತು, ಇಳಿಸಲಿಲ್ಲ.

"ಸಂಜೆ ಕೋರ್ಸ್ ಬೇಡ," ಎಂದಳು ಗಂಡನಿಗೆ, ಅವನು ಅಂಗಡಿಯಿಂದ ಬಂದು ಕಾಲು ತೊಳೆಯುವುದನ್ನೂ ಕಾಯದೆ. "ಒಂದು ವರ್ಷದ್ದಕ್ಕೇ ಹೋಗ್ತೀನಿ."

"ಬೆಳಿಗ್ಗೆ ತಾನೇ..."

"ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ." ಡೇಕೇರಿನ ಸಂಗತಿ ಹೇಳಿದಳು. "ಸಂಜೆ ಕೋರ್ಸಿಗೆ ಸೇರಿದ್ರೆ ಮೂರು ವರ್ಷ ನಾನು ಇಲ್ಲೇ ಇದ್ಕೊಂಡು ತಾಳು ತಾಳು ಅಂತಿರ್ತೀನಿ ಕಣೋ. ಆಫೀಸಿಗೂ ತಾಳು, ಓದಿಗೂ ತಾಳು, ಅವಳಿಗೂ ತಾಳು. ಅವಳನ್ನೇ ಸಸ್ಪೆನ್ಸ್‌ಗೆ ಹಾಕಿದ ಹಾಗೆ. ವಾರವೆಲ್ಲ ಇಲ್ಲ ಅಂದ್ರೆ ಇಲ್ಲ ಅಂತ ಅವಳಿಗೂ ಗೊತ್ತಾಗಲಿ. ಬಂದಾಗ ಪೂರ್ತಿ ಬಂದಿರ್ತೀನಿ."

ಗಂಡ ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಕೇಳಿದ: "ನಿನಗೆ ಹೋಗ್ಬೇಕು ಅಂತಿದೆ. ಅದಕ್ಕೆ ಹುಡುಕಿಕೊಂಡ ಕಾರಣ ಅಲ್ಲ ತಾನೇ ಇದು?"

"ಇರಬಹುದು," ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೋಗ್ಬೇಕು ಅಂತಲೂ ಇದೆ. ಎರಡೂ ನಿಜ."

"ಶನಿವಾರ ಅಂದ್ರೆ ಶನಿವಾರ ಬರ್ಬೇಕು. ರೈಲು ತಪ್ಪಿತು, ಪರೀಕ್ಷೆ ಇದೆ ಅಂತ ಫೋನ್ ಮಾಡಿದ್ರೆ ಬಾಗಿಲಲ್ಲಿ ನಿಂತವಳಿಗೆ ನಾನೇನು ಹೇಳಲಿ?"

ಆವರೆಗೂ ಬಟ್ಟೆ ಮಡಚುತ್ತಿದ್ದ ಅತ್ತೆ ಆಗ ಬಾಯಿಬಿಟ್ಟರು. ಅವರು ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟು ಕಾಲವಾದರೂ ಮಾತಿನಲ್ಲಿ ಆ ನಯ, ಆ ಸ್ಪಷ್ಟತೆ ಹೋಗಿರಲಿಲ್ಲ.

"ಮಗೂನ ನಾನು ನೋಡ್ಕೋತೀನಮ್ಮ. ಡೇಕೇರಿಗೆ ಅರ್ಧ ದಿನ ಸಾಕು. ಆದ್ರೆ ಒಂದು, ಇವತ್ತಿಂದ ಈ ಮನೇಲಿ ಯಾರೂ ಆ ಮಾತು ಆಡಬಾರದು. ನಾವು ಎಕ್ಸ್‌ಚೇಂಜಲ್ಲಿ ಯಾರಿಗೂ ತಾಳಿ ಅಂತಿರಲಿಲ್ಲ. ಲೈನಲ್ಲಿ ಇರಿ ಅಂತಿದ್ವಿ. ಇರು ಅನ್ನಿ."

"ಎರಡೂ ಒಂದೇ ಅಲ್ವಾ ಅಮ್ಮ?" ಎಂದ ಮಗ.

"ಒಂದೇ ಆಗಿದ್ರೆ ಅದು ಬಾಗಿಲಿಗೆ ಯಾಕೋ ಓಡುತ್ತೆ?"

ಶುಕ್ರವಾರ ಅವಳು ಕಾಲೇಜಿಗೆ ಫೋನ್ ಮಾಡಿ ಬರುತ್ತೇನೆಂದಳು. ಆ ಕಡೆಯವರು, "ಸ್ವಲ್ಪ ತಾಳಿ ಮೇಡಂ, ಹೆಸರು ನೋಡ್ತೀನಿ," ಎಂದರು. ಅವಳು ಗಾಬರಿಯಾಗಿ ಫೋನನ್ನು ಎದೆಗೆ ಒತ್ತಿ ಹಿಡಿದು ಸುತ್ತ ನೋಡಿದಳು. ಪುಣ್ಯಕ್ಕೆ ಮಗು ಮಲಗಿತ್ತು.

ಹೊರಡುವವರೆಗಿನ ದಿನಗಳಲ್ಲಿ ಮನೆಯವರೆಲ್ಲ ಬಾಯಿ ಕಟ್ಟಿಕೊಂಡು ಓಡಾಡಿದರು. ಗಂಡ 'ತಾ' ಎಂದು ಶುರುಮಾಡಿ, ತನ್ನಮ್ಮನ ಕಣ್ಣು ನೋಡಿ, "ತಾ... ತಟ್ಟೆ ತಾ," ಎಂದು ಮುಗಿಸುತ್ತಿದ್ದ. ಹಾಲುಕ್ಕಿದರೂ ಇರು, ಬಾಗಿಲು ತಟ್ಟಿದರೂ ಇರು. ಅವಳು ಲ್ಯಾಪ್‌ಟಾಪನ್ನು ಆಫೀಸಿನಲ್ಲೇ ಬಿಟ್ಟು ಬರತೊಡಗಿದಳು. ಕಿಟಕಿಯ ಕೊಂಡಿ, ಕಿವಿ, ಕಿರುಬೆರಳು, ಎಲ್ಲವನ್ನೂ ಅತ್ತೆಗೆ ಹೇಳಿದಳು. ಮರುದಿನ ಮತ್ತೆ ಹೇಳಿದಳು. ಅತ್ತೆ ಮೊದಲ ಸಲ ಕೇಳುವವರ ಹಾಗೆಯೇ ಕೇಳಿಸಿಕೊಂಡರು.

ಆದರೂ ಮಗು ಅವಳನ್ನು ಅಮ್ಮ ಎನ್ನಲಿಲ್ಲ. ಹಳೆಯ ಹೆಸರೇ ಉಳಿಯಿತು.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಕೆಳಗೆ ಬಂದು ನಿಂತಿತು. ಗಂಡ ಪೆಟ್ಟಿಗೆ ಇಳಿಸಿ ಬಂದ. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರು. ಅವಳು "ಬರ್ತೀನಿ" ಎಂದಳು. ಮಗುವಿಗೆ ಬೇರೆಯಾಗಿ ಇನ್ನೊಂದು ಸಲ "ಬರ್ತೀನಿ ಪುಟ್ಟಾ" ಎಂದಳು. ತಿರುಗಿ ನೋಡಿದರೆ ಹೋಗಲಾಗುವುದಿಲ್ಲವೆಂದು ಬೇಗ ಬೇಗ ಮೆಟ್ಟಿಲಿಳಿದಳು.

"ತಾಳೂ!"

ಅವಳು ನಡುಮೆಟ್ಟಿಲಲ್ಲಿ ನಿಂತಳು. ಹೆಸರು ಹಿಡಿದು ಕರೆಯಿತೋ, ನಿಲ್ಲು ಎಂದಿತೋ ತಿಳಿಯಲಿಲ್ಲ. ಇಷ್ಟು ದಿನ ಮಗು ಕೂಗಿದಾಗ ಅವಳು ಅದೇ ಮಾತನ್ನು ವಾಪಸು ಕೊಟ್ಟಿದ್ದಳು. ಈಗ ಕೊಡಲು ಅದು ಇರಲಿಲ್ಲ. ಕೈಚೀಲವನ್ನು ಅಲ್ಲೇ ಇಟ್ಟು ಮೇಲೆ ಹತ್ತಿದಳು. ಹೊಸ್ತಿಲ ಮೇಲೆ ಕೂತು ಮಗಳನ್ನು ತೊಡೆಗೆಳೆದುಕೊಂಡಳು. ಫೋನು ಚೀಲದಲ್ಲೇ ಬಡಿದುಕೊಳ್ಳುತ್ತಿತ್ತು. ಮಗು ಅವಳ ಕುಪ್ಪಸದ ಗುಂಡಿಯೊಂದನ್ನು ತಿರುವುತ್ತ ಏನನ್ನೋ ಉದ್ದಕ್ಕೆ ಹೇಳಿತು. ಅವಳು ಕೊನೆಯವರೆಗೂ ಕೇಳಿದಳು. ಒಂದಕ್ಷರ ಅರ್ಥವಾಗಲಿಲ್ಲ.

ಕೆಳಗೆ ಟ್ಯಾಕ್ಸಿಯವನು ಹಾರ್ನ್ ಒತ್ತಿದ. ಗಂಡ ಕಟಕಟೆಯಿಂದ ಬಗ್ಗಿ, ಅಷ್ಟು ದಿನದ ಎಚ್ಚರವನ್ನೆಲ್ಲ ಮರೆತು ಕೂಗಿಬಿಟ್ಟ: "ಸ್ವಲ್ಪ ತಾಳು ಮಾರಾಯಾ, ಬಂದ್ಲು!"

ಅತ್ತೆ ಹಣೆ ಚಚ್ಚಿಕೊಂಡರು. ಅವನು ನಾಲಿಗೆ ಕಚ್ಚಿಕೊಂಡ. ಮೂವರೂ ಮಗುವನ್ನೇ ನೋಡಿದರು.

ಮಗು ಹೊರಗೆ ನೋಡಲು ಓಡಲಿಲ್ಲ. ಎಂಜಲಾಗಿದ್ದ ಪುಟ್ಟ ಕೈಯನ್ನು ಅಮ್ಮನ ಕೆನ್ನೆಗೆ ಒತ್ತಿ, ಇಲ್ಲೇ ಇದ್ದಾಳಲ್ಲ ಎಂದು ಅಪ್ಪನಿಗೆ ತೋರಿಸುವಂತೆ ಅವನ ಕಡೆ ನೋಡಿತು.

"ಇರು," ಎಂದಳು ಅವಳು ಮಗಳ ಕಿವಿಯಲ್ಲಿ. ಅತ್ತೆಯ ಕೈಗೆ ಮಗುವನ್ನು ಕೊಟ್ಟು, ಈ ಸಲ ಹಿಂದೆ ತಿರುಗಿ ನೋಡುತ್ತಲೇ, ನಿಧಾನವಾಗಿ ಮೆಟ್ಟಿಲಿಳಿದಳು. ಕೆನ್ನೆಯ ಒದ್ದೆಯನ್ನು ಒರೆಸಿಕೊಳ್ಳಲಿಲ್ಲ.