ಹ್ಯಾನಾ ಆಡದ ಕೊನೆಯ ಮಾತು

ಸುಳ್ಳು ಹೇಳಿದವನು ನಾನು. ಆ ಗುರುವಾರ ಬೆಳಗ್ಗೆ ಹ್ಯಾನಾ ನನ್ನ ಜೊತೆ ಮಾತಾಡಿರಲಿಲ್ಲ — ಅಷ್ಟು ಹೊತ್ತಿಗೆ ಅವರು ಸತ್ತಿದ್ದರು. ಅದನ್ನು ಕಣ್ಣಾರೆ ಕಂಡೂ ಬಾಗಿಲೆಳೆದುಕೊಂಡು ರೈಲು ಹಿಡಿದವನೂ ನಾನೇ. ಈಗ ಇದನ್ನು ಹೇಳುತ್ತಿರುವುದು ದುಃಖದಿಂದಲ್ಲ, ನನ್ನ ಮೇಲಿನ ಸಿಟ್ಟಿನಿಂದ.

ಆಗಷ್ಟೇ ಲೀಡ್ಸ್‌ನಲ್ಲಿ ಓದು ಮುಗಿಸಿದ್ದೆ. ಹ್ಯಾನಾ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಂಬತ್ತು ದಾಟಿದ ಯಹೂದಿ ಹೆಂಗಸು, ಒಂಟಿ. ನಾನು ಬಿಜಾಪುರದ ಮುಸಲ್ಮಾನ ಎಂದು ತಿಳಿದ ದಿನ, "ಹಂದಿ ಮಾಂಸದ ರಗಳೆ ನಮ್ಮಿಬ್ಬರಿಗೂ ಇಲ್ಲ, ಒಳ್ಳೇದಾಯ್ತು" ಎಂದು ನಕ್ಕಿದ್ದರು. ಮಗಳು ರೂತ್ ಮ್ಯಾಂಚೆಸ್ಟರ್‌ನಿಂದ ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದರು.

ಹ್ಯಾನಾಗೆ ಸಾವಿನ ಮಾತೆಂದರೆ ಅಳುಕಿರಲಿಲ್ಲ. ಮಣ್ಣಾಗುವವರೆಗೂ ಆತ್ಮ ದೇಹದ ಹತ್ತಿರವೇ ಸುಳಿದಾಡುತ್ತದೆ, ಅದಕ್ಕೇ ಸತ್ತವರನ್ನು ಒಂಟಿಯಾಗಿ ಬಿಡಬಾರದು, ಬೇಗ ಮಣ್ಣು ಮಾಡಬೇಕು ಎನ್ನುತ್ತಿದ್ದರು. "ಆಮೇಲೇನು ಅನ್ನೋದರಲ್ಲಿ ನಮ್ಮ ರಬ್ಬಿಗಳಿಗೇ ಒಮ್ಮತವಿಲ್ಲ. ಒಂದು ದಿನ ಎಲ್ಲರೂ ಏಳ್ತಾರಂತೆ. ಈ ಮಂಡಿನೋವಿನ ಜೊತೆ ಏಳೋದು ನನಗಂತೂ ಬೇಡ. ಆದರೆ ಒಬ್ಬಳೇ ಬಿದ್ದಿರೋಕೆ ಭಯ, ಇಮ್ತಿಯಾಜ್. ಯಾರಾದರೂ ಬರೋ ತನಕ ಕೂತಿರ್ತೀಯಾ?"

"ಕೂತಿರ್ತೀನಿ" ಎಂದಿದ್ದೆ. ನಮ್ಮಲ್ಲೂ ಹಾಗೇ. ಅಜ್ಜಿ ತೀರಿಕೊಂಡಾಗ ಒಂದು ಗಳಿಗೆಯೂ ಅವರನ್ನು ಬಿಟ್ಟಿರಲಿಲ್ಲ. ಗೊತ್ತಿಲ್ಲದವನು ಮಾಡಿದ್ದರೆ ಬೇರೆ ಮಾತು — ನನಗೆ ಎಲ್ಲ ಗೊತ್ತಿತ್ತು.

ಅವತ್ತು ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ನನಗೆ ಕೆಲಸದ ಇಂಟರ್‌ವ್ಯೂ. ವೀಸಾ ಮುಗಿಯುತ್ತ ಬಂದಿತ್ತು. ಮೆಟ್ಟಿಲಿಳಿದು ಬಂದರೆ ಹ್ಯಾನಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಾಯಿ ಅರೆತೆರೆದು... ಕೈ ಮುಟ್ಟಿದೆ. ತಣ್ಣಗೆ ಸೆಟೆದಿತ್ತು. ಫೋನ್ ಮಾಡಿದರೆ ಆಂಬ್ಯುಲೆನ್ಸ್, ಪೊಲೀಸ್, ಪ್ರಶ್ನೆಗಳು — ರೈಲು ತಪ್ಪುತ್ತದೆ. ಅಲ್ಲೇ ನಿಂತು ಟೈ ಸರಿಮಾಡಿಕೊಂಡೆ. ಹೌದು, ಹೆಣದ ಮುಂದೆ ಟೈ ಸರಿಮಾಡಿಕೊಂಡೆ! ಎಷ್ಟು ನೀಚ ನಾನು.

ಸಂಜೆ ಬಂದು, ಆಗ ತಾನೇ ನೋಡಿದವನಂತೆ ಎಲ್ಲರಿಗೂ ಫೋನ್ ಮಾಡಿದೆ. "ನಾನು ಹೊರಡುವಾಗ ಚೆನ್ನಾಗಿಯೇ ಇದ್ದರು" ಎಂದೆ. ರೂತ್ ಓಡಿಬಂದರು. ಅಮ್ಮನ ಕೆನ್ನೆ ಸವರುತ್ತ ಕೇಳಿದರು, "ಬೆಳಗ್ಗೆ ಏನಾದರೂ ಅಂದಳಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಹಾಳು ನಾಲಿಗೆ ಕರುಣೆ ತೋರಿಸಲು ಹೋಯಿತು. "ರೂತ್ ಈಗ ಫೋನ್ ಮಾಡ್ತಾಳೆ ಅಂತ ಕಾಯ್ತಾ ಕೂತಿದ್ದರು" ಎಂದೆ.

ಅವತ್ತೊಂದು ದಿನ ರೂತ್ ಫೋನ್ ಮಾಡಿರಲಿಲ್ಲ.

ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಸಂಜೆಯವರೆಗೂ ಅವರ ವಿಶ್ರಾಂತಿಯ ದಿನ ಸಬ್ಬತ್, ಆಗ ಮಣ್ಣು ಮಾಡುವಂತಿಲ್ಲ. ಗುರುವಾರ ಬೆಳಗ್ಗೆಯೇ ನಾನು ತಿಳಿಸಿದ್ದರೆ ಅಷ್ಟರೊಳಗೆ ಮುಗಿಯುತ್ತಿತ್ತೋ ಏನೋ. ಡಾಕ್ಟರ ಸರ್ಟಿಫಿಕೇಟ್ ಹೊತ್ತಿಗೆ ಸಿಗದೆ ಭಾನುವಾರದವರೆಗೆ ಹ್ಯಾನಾ ಕಾದರು. ಬೇಗ ಮಣ್ಣು ಮಾಡಿ ಎಂದಿದ್ದ ಹೆಂಗಸು! ಆಮೇಲೆ ಸೂತಕದ ವಾರದಲ್ಲಿ ಬಂದವರೆಲ್ಲ ನನ್ನ ಕೈ ಹಿಡಿದು, "ಮಗನ ಹಾಗೆ ನೋಡಿಕೊಂಡೆ" ಎಂದರು. ನಾನು ತಲೆಬಾಗಿಸಿ ಅದನ್ನೂ ಇಸಿದುಕೊಂಡೆ.

ರೂತ್ ಹನ್ನೊಂದು ತಿಂಗಳು ಅಮ್ಮನಿಗಾಗಿ ಪ್ರಾರ್ಥನೆ ಹೇಳಿದರು. ಎಂಥ ಪಾಪಿಯ ಆತ್ಮವೂ ಹನ್ನೆರಡು ತಿಂಗಳಲ್ಲಿ ಶುದ್ಧವಾಗುತ್ತದಂತೆ. ತಮ್ಮವರು ಅಷ್ಟು ಕೆಟ್ಟವರಲ್ಲ ಎಂದು ಮಕ್ಕಳು ಒಂದು ತಿಂಗಳು ಮೊದಲೇ ನಿಲ್ಲಿಸುತ್ತಾರೆ. ಇದನ್ನು ಕೇಳುತ್ತ — ನನಗೆ ಎಷ್ಟು ತಿಂಗಳು ಬೇಕಾಗಬಹುದು ಎಂದುಕೊಂಡೆ. ಬಾಯಿ ಬಿಡಲಿಲ್ಲ.

ಕೆಲಸ ಸಿಕ್ಕಿತು. ಮುಂದೆ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಮನೆಯೂ ಆಯಿತು. ಪ್ರತಿ ವರ್ಷ ಅಮ್ಮನ ತಿಥಿಗೆ ದೀಪ ಹಚ್ಚಿ ರೂತ್ ನನಗೆ ಫೋನ್ ಮಾಡುತ್ತಿದ್ದರು. "ಅವಳು ಕಾಯ್ತಿದ್ದಳು, ನಾನು ಮಾಡಲಿಲ್ಲ." ನಾನು ಸಮಾಧಾನ ಹೇಳುತ್ತಿದ್ದೆ, "ನಿಮ್ಮ ತಪ್ಪಿಲ್ಲ" ಎಂದು! ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ಒಮ್ಮೆ ಎಲ್ಲ ಹೇಳಿದೆ. "ಬಿಡಪಾ, ಸತ್ತವ್ರಿಗೆ ಏನ್ ತಿಳೀತೈತಿ?" ಎಂದ. ಅವನ ಮೇಲೆ ಹರಿಹಾಯ್ದೆ. ಬದುಕಿರುವ ರೂತ್ ನೋಯುತ್ತಿದ್ದರಲ್ಲ!

ಈ ವರ್ಷ ರೂತ್ ಕೇಳಿದರು, "ಸತ್ತ ಮೇಲೆ ಅಮ್ಮ ಸಿಕ್ಕರೆ ಹೇಗೆ ಮುಖ ತೋರಿಸಲಿ?"

ಮರುದಿನವೇ ಅವರ ಮನೆಗೆ ಹೋಗಿ, ನಿಂತೇ ಎಲ್ಲ ಹೇಳಿದೆ. ಅವರು ಮೇಜನ್ನು ಗುದ್ದಿದರು. "ಇಷ್ಟು ವರ್ಷ! ನಾನು ಇಷ್ಟು ವರ್ಷ..."

"ನನ್ನನ್ನು ಕ್ಷಮಿಸಿ—"

"ಅಮ್ಮನಿಗೆ ಮಾಡಿದ್ದನ್ನು ನಾನು ಕ್ಷಮಿಸೋಕಾಗಲ್ಲ. ಸತ್ತವರಿಗೆ ತಪ್ಪು ಮಾಡಿದ್ದರೆ ಹತ್ತು ಜನರ ಎದುರು ಸಮಾಧಿ ಹತ್ತಿರ ನಿಂತು ಬಾಯಿಬಿಟ್ಟು ಹೇಳಬೇಕು. ನಮ್ಮ ಪದ್ಧತಿ ಅದು. ಅವತ್ತು ನಿನ್ನ ಕೈ ಹಿಡಿದರಲ್ಲ, ಅವರನ್ನೇ ಕರೀತೀನಿ. ಬರ್ತೀಯಾ?"

"ಬರ್ತೀನಿ."

"ನನಗೆ ಮಾಡಿದ್ದರ ಬಗ್ಗೆ ಈಗ ಕೇಳಬೇಡ" ಎಂದು ಬಾಗಿಲು ತೆರೆದು ನಿಂತರು.

ಭಾನುವಾರ ಲೀಡ್ಸ್‌ಗೆ, ಹ್ಯಾನಾ ಸಮಾಧಿಯ ಬಳಿಗೆ ಹೋಗುತ್ತಿದ್ದೇನೆ. ಟೈ ಸರಿಮಾಡಿಕೊಂಡಿದ್ದನ್ನೂ ಹೇಳುತ್ತೇನೆ.